ಯಾರ ಮನೆ ಅವರೇ ಅಳಿಸಬೇಕು

ಜೋರಾಪುರ ಪೇಟೆ, ವಿಜಯಪುರ
೬ ಅಕ್ಟೋಬರ್ ೨೦೨೪, ಭಾನುವಾರ

ಶಾಂಭವಿ,

ನಿನ್ನ ಫೋನಿಗೆ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಕೊನೆಗೆ ನಿನ್ನ ಯಜಮಾನರು ಸಂಗನಬಸವ ಅವರೇ ಹೇಳಿದರು, ನೀನು ಅದನ್ನು ಬಂದ್ ಮಾಡಿ ಅವರ ಕೈಗಿಟ್ಟು ಸಾರವಾಡದ ತವರಿಗೆ ಹೋದೆ ಅಂತ. ಅದರ ತುಂಬ ನಿನ್ನ ರುದ್ರಿಯ ಫೋಟೊ, ವಿಡಿಯೊ. ನನಗೆ ಅರ್ಥವಾಯಿತು. ಹಾಗಾಗಿ ಈ ಕಾಗದ. ಸೊಲ್ಲಾಪುರ ರಸ್ತೆಯ ನಿಮ್ಮ ಅಂಗಡಿಗೆ ಕೊಟ್ಟರೆ ಶನಿವಾರ ನಿನಗೆ ಮುಟ್ಟಿಸುತ್ತಾರಂತೆ. ಟ್ರ್ಯಾಕ್ಟರಿನ ಬಿಡಿ ಸಾಮಾನುಗಳ ನಡುವೆ ಬಿದ್ದಿರುತ್ತದೆ, ಆಯಿಲ್ ವಾಸನೆ ಹೊಡೆದರೆ ನನ್ನನ್ನು ಬೈಯಬೇಡ.

ಇವತ್ತು ತಿಕೋಟಾದ ಶಾಲೆಯ ಬಯಲಿನಲ್ಲಿ ಭಾನುವಾರದ ಆಟ ಮತ್ತೆ ಶುರು ಮಾಡಿದೆ. ನಿನ್ನನ್ನು ಕೇಳದೆ ಮಾಡಿದೆ. ರುದ್ರಿ ಹೋದಾಗಿನಿಂದ ಬಯಲು ಖಾಲಿ ಇತ್ತು. ನಾಲ್ಕೈದು ವರ್ಷದ ಹುಡುಗರು, ಕಾಯಿಸಿದರೆ ಕಾಯುತ್ತಾರೆಯೇ? ಮೊಬೈಲ್ ಹಿಡಿದು ಕೂತುಬಿಡುತ್ತಾರೆ. ನಾನು ಹೈಸ್ಕೂಲಿನ ಆಟದ ಟೀಚರು, ಅಲ್ಲಿಗೆ ಬರುವ ಹುಡುಗಿಯರನ್ನು ನೋಡುತ್ತೇನಲ್ಲ. ಓಡು ಅಂದರೆ ಅಕ್ಕಪಕ್ಕ ನೋಡುತ್ತಾರೆ, ಬಿದ್ದರೆ ನಗುತ್ತಾರೇನೋ ಎಂಬ ಹೆದರಿಕೆ. ಆ ಹೆದರಿಕೆ ಹುಟ್ಟುವ ಮೊದಲೇ ಮಕ್ಕಳನ್ನು ಬಯಲಿಗೆ ಬಿಡಬೇಕು ಅಂದವಳು ನೀನೇ.

ನಿನ್ನ ಕಾಯಿದೆಗಳನ್ನು ಒಂದೂ ಮುರಿಯಲಿಲ್ಲ. ಪ್ರತಿ ಮಗುವಿಗೂ ರಂಗೋಲಿ ಪುಡಿಯಿಂದ ಸುತ್ತುಗೆರೆಯ ಒಂದು ಗುಂಡು ಬರೆದೆ, ಅದು ಅವರವರ ಮನೆ. ಓಡಿ, ಜಿಗಿದು, ಅರಿವೆಯ ಚೆಂಡು ಎಸೆದು, ತಿರುಗಿ ಮನೆ ಸೇರಬೇಕು. ಔಟ್ ಎಂಬುದು ಇಲ್ಲ. ಕಡೆಯವರು ಮನೆ ಮುಟ್ಟುವ ತನಕ ಉಳಿದವರೆಲ್ಲ ಚಪ್ಪಾಳೆ ಹೊಡೆಯಬೇಕು. ದೊಡ್ಡವರು ಕಟ್ಟೆಯ ಮೇಲೆ ಕೂತು ನೋಡುವಂತಿಲ್ಲ, ಬಯಲಿಗೆ ಕಾಲಿಟ್ಟರೆ ಆಡಲೇಬೇಕು. ಆಟ ಮುಗಿದ ಮೇಲೆ ಯಾರ ಮನೆ ಅವರೇ ಕಾಲಿನಿಂದ ಅಳಿಸಿ ಹೋಗಬೇಕು.

ಒಂದು ವಿಷಯ ಹೇಳಬೇಕು. ಮಕ್ಕಳು ರುದ್ರಿ ಎಲ್ಲಿ ಅಂತ ಕೇಳೇ ಕೇಳುತ್ತಾರೆ ಎಂದು ಮೊದಲೇ ತಂದೆ ತಾಯಿಗಳೆಲ್ಲ ಸೇರಿ ಮಾತಾಡಿದ್ದೆವು. ಅದರಂತೆಯೇ ಮಕ್ಕಳಿಗೆ ಹೇಳಿದೆ: "ರುದ್ರಿ ಅಜ್ಜಿ ಊರಿಗೆ ಹೋಗ್ಯಾಳ." ಅಷ್ಟಕ್ಕೇ ಸುಮ್ಮನಾದರು. ಆದರೆ ನಾನು ಗುಂಡು ಬರೆದು ಮುಗಿಸಿದಾಗ ಸಕೀನಾ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಟೀಚರ್, ರುದ್ರಿ ಮನಿ ಎಲ್ಲಿ? ಬಂದ್ರ ಆಕಿ ಎಲ್ಲಿ ನಿಂದ್ರಬೇಕು?" ಬರೆದೆ, ಶಾಂಭವಿ. ಸಕೀನಾಳ ಮನೆಯ ಪಕ್ಕದಲ್ಲೇ, ಯಾವಾಗಲೂ ಇರುತ್ತಿದ್ದ ಜಾಗದಲ್ಲಿ. ಯಾರೂ ಅದನ್ನು ತುಳಿಯಲಿಲ್ಲ.

ಬಾ. ನಿನ್ನ ಕೈಯಿಲ್ಲದೆ ನನ್ನ ಗುಂಡುಗಳು ಬದನೆಕಾಯಿಯ ಹಾಗೆ ಬರುತ್ತಿವೆ.

ನಿನ್ನ
ಅನುಜಾ

•

ವಿಜಯಪುರ
೨೦ ಅಕ್ಟೋಬರ್ ೨೦೨೪

ಶಾಂಭವಿ,

ನೀನು ಬರೆಯಲಿಲ್ಲ. ಕಾಗದ ಮುಟ್ಟಿದೆ ಎಂದು ಸಂಗನಬಸವ ಹೇಳಿದರು. ಓದಿದೆಯಾ ಎಂದು ಕೇಳಿದರೆ ಅವರು ಬೇರಿಂಗ್ ಹುಡುಕುತ್ತ ಒಳಗೆ ಹೋದರು.

ಇಲ್ಲಿಯ ಸುದ್ದಿ ಕೇಳು. ಸಿದ್ದರಾಯ ಒಂದು ಕಪ್ ಕೊಂಡು ತಂದಿದ್ದ. ಫಳಫಳ ಹೊಳೆಯುವ ಕಪ್, ಅವನ ಮಗನಷ್ಟೇ ಎತ್ತರ. "ಅಕ್ಕಾವ್ರ, ಆಟ ಅಂದಮ್ಯಾಲ ಒಂದ ನಂಬರ್ ಬೇಕಲ್ರಿ. ನಮ್ಮ ಹುಡುಗ ಎಲ್ಲಾರಿಗಿಂತ ಮುಂದ ಬರ್ತಾನ, ಅವಗೇನ ಸಿಕ್ಕಂಗಾತು?" ಎಂದ. ನಾನು ಕಪ್ಪನ್ನು ಇಸಿದುಕೊಂಡು ಅದರಲ್ಲಿ ಅರಿವೆಯ ಚೆಂಡು ಎಸೆಯುವ ಆಟ ಆಡಿಸಿದೆ. ಸಿದ್ದರಾಯನೇ ಹೆಚ್ಚು ತಪ್ಪಿದ. ಹೊಟ್ಟೆ ಅಡ್ಡ ಬಂತು. ಒಣದ್ರಾಕ್ಷಿ ಶೆಡ್ಡಿನಲ್ಲಿ ದುಡಿದು ಸುಸ್ತಾಗಿ ಬರುವ ಇರ್ಫಾನ, ಸಕೀನಾಳ ಅಪ್ಪ, ನಕ್ಕು ನಕ್ಕು ನೆಲಕ್ಕೆ ಕೂತ. ನೀನು ಇರಬೇಕಿತ್ತು ಅನ್ನಿಸಿತು. ಖೋಖೋ ಆಡುವಾಗ ನೀನು ಬೆನ್ನಿಗೆ ಖೋ ಕೊಡುವ ತನಕ ನಾನು ಎದ್ದವಳಲ್ಲ. ಈಗ ಯಾರೂ ಕೊಡದೆ ಎದ್ದು ಓಡುತ್ತಿದ್ದೇನೆ, ದಿಕ್ಕು ತಪ್ಪುತ್ತಿದೆ.

ದಸರೆಯ ಮರುದಿನದ ಆಟಕ್ಕೆ ಎಲ್ಲರೂ ಬನ್ನಿ ತಂದಿದ್ದರು. ಮಕ್ಕಳು ಒಬ್ಬರಿಗೊಬ್ಬರು ಕೊಟ್ಟು ದೊಡ್ಡವರ ಕಾಲಿಗೂ ಬಿದ್ದರು. ಸಕೀನಾ ಒಂದು ಎಲೆಯನ್ನು ರುದ್ರಿಯ ಗುಂಡಿನಲ್ಲಿಟ್ಟು, ಗಾಳಿಗೆ ಹಾರದಿರಲಿ ಎಂದು ಮೇಲೊಂದು ಹರಳು ಇಟ್ಟಳು. ಆಟ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಮನೆ ಅಳಿಸಿ ಹೋದರು. ಆ ಒಂದು ಗುಂಡು ಉಳಿಯಿತು. ಯಾರ ಮನೆ ಅವರೇ ಅಳಿಸಬೇಕಲ್ಲ. ನಾನೂ ಮುಟ್ಟಲಿಲ್ಲ. ಪ್ರತಿ ಭಾನುವಾರ ಹೀಗೇ ಆಗುತ್ತಿದೆ. ಸೋಮವಾರ ಸಾಲಿ ಹುಡುಗರ ಕಾಲಿಗೆ ಸಿಕ್ಕು ಅಳಿಯುತ್ತದೆ, ಭಾನುವಾರ ಮತ್ತೆ ಬರೆಯುತ್ತೇನೆ.

ನಿನಗೆ ಸಮಾಧಾನವಾಗಲಿ ಎಂದು ಬರೆದಿದ್ದೇನೆ. ಮಕ್ಕಳು ಅವಳನ್ನು ಮರೆತಿಲ್ಲ.

ಉತ್ತರಕ್ಕೆ ಕಾಯುತ್ತಿರುವ
ಅನುಜಾ

•

ಸಾರವಾಡ
೫ ನವೆಂಬರ್ ೨೦೨೪

ಅನುಜಾ,

ನಿನ್ನೆ ವಿಜಯಪುರಕ್ಕೆ ಹೋಗಿದ್ದೆ, ಅವ್ವನ ಕಣ್ಣು ತೋರಿಸಲಿಕ್ಕೆ. ತಿರುಗಿ ಬರುವಾಗ ಬಬಲೇಶ್ವರದ ಬಸ್ಸಿನಲ್ಲಿ ಸಕೀನಾ ಮತ್ತು ಅವಳ ಅವ್ವ ಜುಲೇಖಾ ಇದ್ದರು. ಬಬಲೇಶ್ವರ ಜುಲೇಖಾಳ ತವರು. ನಾನು ಮುಂದಿನ ಸೀಟಿನಲ್ಲಿ ಮುಖ ತಿರುಗಿಸಿ ಕೂತಿದ್ದೆ. ಸಾರವಾಡ ಬಂತು, ಅವ್ವನ ಕೈ ಹಿಡಿದು ಎದ್ದೆ. ಆ ಹುಡುಗಿ ನನ್ನನ್ನು ನೋಡಿಬಿಟ್ಟಳು. ಓಡಿ ಬಂದು ಸೆರಗು ಹಿಡಿದಳು.

"ರುದ್ರಿ ಅವ್ವಾ, ರುದ್ರಿ ಇದ ಊರಾಗ ಅದಾಳಲ್ರಿ? ನಾನೂ ಇಳೀತೀನಿ. ಆಕಿನ್ನ ಕರ್ಕೊಂಡ ಹೋಗ್ತೀನಿ, ಭಾಳ ದಿನ ಆತು."

ಜುಲೇಖಾ ಅವಳನ್ನು ಹಿಂದಕ್ಕೆ ಎಳೆದುಕೊಂಡು, "ತಪ್ಪಾತ್ರಿ ಅಕ್ಕಾ, ಆಕಿಗೆ ಗೊತ್ತಿಲ್ರಿ" ಎಂದಳು. ಕಂಡಕ್ಟರ್ ಸೀಟಿ ಊದಿದ. ನಾನು ಇಳಿದೆ. ಬಸ್ಸು ಹೊರಟರೂ ಆ ಹುಡುಗಿ ಕಿಟಕಿಯಿಂದ ಕೈ ಚಾಚಿ ಕೂಗುತ್ತಿದ್ದಳು: "ಆಕಿಗೆ ಹೇಳ್ರಿ, ಆಕಿ ಮನಿ ನಾ ಕಾಯಾಕತ್ತೇನಿ!"

ಅಜ್ಜಿ ಊರಿಗೆ ಹೋಗಿದ್ದಾಳೆ ಎಂದೆಯಲ್ಲ. ಆ ಊರಿನಲ್ಲಿ ನಾನಿದ್ದೇನೆ. ಮನೆಯ ಮೂಲೆ ಮೂಲೆ ಗೊತ್ತು ನನಗೆ. ಅವಳಿಲ್ಲ. ನೀನು ಮಕ್ಕಳಿಗೆ ಹೇಳಿದ್ದು ಸಣ್ಣ ಸುಳ್ಳು ಇರಬಹುದು. ಅದು ಬಸ್ಸು ಹತ್ತಿ ನನ್ನ ಬಾಗಿಲಿಗೆ ಬಂದಿದೆ.

ನನಗೆ ಸಮಾಧಾನವಾಗಲಿ ಎಂದು ಬರೆದೆಯಂತೆ! ಖಾಲಿ ಗುಂಡು, ಎಲೆ, ಹರಳು. ಓದಿ ಎರಡು ದಿನ ಅನ್ನ ಇಳಿಯಲಿಲ್ಲ. ಆ ಗುಂಡು ಬರೆಯಬೇಡ. ನನಗೂ ಬರೆಯಬೇಡ.

ಶಾಂಭವಿ

•

ವಿಜಯಪುರ
೧೭ ನವೆಂಬರ್ ೨೦೨೪

ಶಾಂಭವಿ,

ಬರೆಯಬೇಡ ಎಂದೆ. ಇದೊಂದು ಬರೆಯುತ್ತೇನೆ, ಬೇಕಾದರೆ ಓದದೆ ಒಲೆಗೆ ಹಾಕು.

ನಿನ್ನ ಕಾಗದ ಕೈಗೆ ಬಂದ ದಿನವೇ ತಂದೆ ತಾಯಿಗಳಿಗೆ ಹೇಳಿದೆ, ಮಕ್ಕಳಿಗೆ ನಿಜ ಹೇಳಿಬಿಡೋಣ ಅಂತ. ಒಬ್ಬರೂ ಒಪ್ಪಲಿಲ್ಲ. ಸಿದ್ದರಾಯ, "ಸಣ್ಣ ಹುಡುಗ್ರ ಮುಂದ ಸಾವಿನ ಮಾತ್ಯಾಕ್ರಿ? ರಾತ್ರಿ ಚಿಟ್ಟನ ಚೀರ್ತಾವ" ಎಂದ. ಇರ್ಫಾನ ಕೂಡ ತಲೆ ಬಗ್ಗಿಸಿ ನಿಂತ. ನಮ್ಮ ಅವ್ವ ಸಖೂಬಾಯಿಯಂತೂ ನನ್ನನ್ನೇ ಬೈದರು, "ನಿನಗ ಮಕ್ಕಳಿಲ್ಲ, ನಿನಗೇನ ತಿಳೀತದ?" ಅಂತ. ಆ ಮಾತು ನಾಟಿತು. ನಾಟಿದರೂ ಬಯಲಿಗೆ ಹೋದೆ. ಹೇಳಬೇಕೆಂದು ಹೋದವಳು, ಹೇಳದೆ ರಂಗೋಲಿ ಡಬ್ಬಿ ತೆರೆದೆ.

ಹಾಗಾಗಿ ಸುಮ್ಮನೆ ರುದ್ರಿಯ ಗುಂಡು ಬಿಟ್ಟು ಉಳಿದವರದಷ್ಟೇ ಬರೆದೆ. ನೀನು ಹೇಳಿದಂತೆ.

ಮಕ್ಕಳು ಬಂದರು, ತಮ್ಮ ತಮ್ಮ ಮನೆ ಸೇರಿದರು. ಸಕೀನಾ ಸೇರಲಿಲ್ಲ. ಖಾಲಿ ನೆಲವನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸಬಾರದು ಎನ್ನುವ ಹಾಗೆ ಮೆಲ್ಲಗೆ ಕೇಳಿದಳು:

"ಟೀಚರ್, ರುದ್ರಿ ಔಟ್ ಆದಳೇನ್ರಿ?"

ಅವಳೇ ಮತ್ತೆ, "ಔಟ್ ಇಲ್ಲ ಅಂದಿದ್ರಿ. ಊರಿಗೆ ಹೋದ್ರ ಔಟೇನ್ರಿ? ನಾನೂ ಊರಿಗೆ ಹೋಗಿದ್ನಿ" ಎಂದಳು. ಅದನ್ನು ಸಿದ್ದರಾಯನ ಮಗ ಕೇಳಿಸಿಕೊಂಡ. "ರುದ್ರಿ ಔಟ್" ಎಂದು ಕುಣಿದ. ಇನ್ನೊಬ್ಬ ಅಳತೊಡಗಿದ, ತನ್ನ ಮನೆಯೂ ಹೋಗುತ್ತದೆ ಎಂದು. ಅವತ್ತು ಯಾರೂ ಮನೆ ಬಿಟ್ಟು ಓಡಲೇ ಇಲ್ಲ. ಗುಂಡಿನಲ್ಲಿ ಕಾಲು ಜೋಡಿಸಿ ನಿಂತುಬಿಟ್ಟರು. ಮನೆ ಬಿಟ್ಟು ಹೋದರೆ ತಿರುಗಿ ಬರುವಷ್ಟರಲ್ಲಿ ಟೀಚರ್ ಅಳಿಸಿಬಿಡುತ್ತಾರೆ ಎಂಬ ಅಂಜಿಕೆ. ಯಾವ ಹೆದರಿಕೆ ಹುಟ್ಟಬಾರದು ಎಂದು ನಾವು ಈ ಆಟ ಕಟ್ಟಿದೆವೋ ಅದನ್ನು ನಾನೇ ಬಿತ್ತಿದೆ.

ಬರೆದರೆ ನಿನಗೆ ನೋವು. ಬರೆಯದಿದ್ದರೆ ಅವರಿಗೆ. ಏನು ಮಾಡಲಿ ಎಂದು ನಿನ್ನನ್ನಲ್ಲದೆ ಯಾರನ್ನು ಕೇಳಲಿ? ಆಟ ನಿಲ್ಲಿಸಿದ್ದೇನೆ.

ಅನುಜಾ

•

ಸೊಲ್ಲಾಪುರ ರಸ್ತೆ, ವಿಜಯಪುರ
೧೪ ಡಿಸೆಂಬರ್ ೨೦೨೪

ಅನುಜಾ ಅಕ್ಕಾವರಿಗೆ ಶರಣು.

ನನಗೆ ಬರೆದು ರೂಢಿಯಿಲ್ಲ. ಅಂಗಡಿಗೆ ಬಂದಾಗ ಎದುರಿಗೆ ಹೇಳಲು ಆಗಲಿಲ್ಲ, ಗಿರಾಕಿಗಳಿದ್ದರು. ಗಿರಾಕಿಗಳಿಲ್ಲದಿದ್ದರೂ ಆಗುತ್ತಿರಲಿಲ್ಲ.

ನಿಮ್ಮ ಕಾಗದವನ್ನು ಶಾಂಭವಿ ಒಲೆಗೆ ಹಾಕಿಲ್ಲ. ದಿಂಬಿನ ಕೆಳಗಿದೆ. ಓದಿದ ಮಾರನೆಯ ಶನಿವಾರ ನಾನು ಹೋದಾಗ ರುದ್ರಿಯ ಬೂಟು ತೊಳೆದು ಬಿಸಿಲಿಗೆ ಇಟ್ಟಿದ್ದಳು. ಮಣ್ಣು ಹೋಗಿಬಿಟ್ಟಿದೆ ಎಂದು ಆಮೇಲೆ ಅತ್ತಳು. ಇಷ್ಟು ದಿನ ಅವಳು ನನ್ನ ಮುಂದೆ ಅತ್ತಿರಲಿಲ್ಲ. ನಾನೂ ಅತ್ತೆ.

ನಿಮಗೆ ಗೊತ್ತಿಲ್ಲದ ಒಂದು ಮಾತು. ನೀವು ಆಟ ಶುರು ಮಾಡಿದಾಗಿನಿಂದ ಪ್ರತಿ ಭಾನುವಾರ ನಾನು ತಿಕೋಟಾದ ಆ ಬಯಲಿನ ಗೇಟಿನ ಹೊರಗೆ ಗಾಡಿ ನಿಲ್ಲಿಸಿ ಒಳಗೇ ಕೂತಿರುತ್ತಿದ್ದೆ. ಇಳಿದು ಬಂದರೆ ಆಡಬೇಕಾಗುತ್ತದೆ, ಅದು ಅವಳದೇ ಕಾಯಿದೆ. ಚಪ್ಪಾಳೆ ಕೇಳಿಸಿದಾಗ ಕಡೆಯ ಮಗು ಯಾವುದಿರಬಹುದು ಎಂದುಕೊಳ್ಳುತ್ತಿದ್ದೆ. ಈಗ ಬಯಲಿನಲ್ಲಿ ಯಾರೂ ಇಲ್ಲ. ಆದರೂ ಹೋಗಿ ಬರುತ್ತೇನೆ.

ಆಟ ನಿಲ್ಲಿಸಬೇಡಿರಿ ಎಂದು ಹೇಳಲು ನನಗೆ ಹಕ್ಕಿಲ್ಲ. ಅವಳಿಗೆ ಕಾಗದ ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿರಿ.

ನಿಮ್ಮ
ಸಂಗನಬಸವ

•

ಸಾರವಾಡ
೧೯ ಜನವರಿ ೨೦೨೫

ಅನುಜಾ,

ಸಂಕ್ರಾಂತಿ ಆಯಿತು. ಓಣಿಯ ಮಕ್ಕಳು ಎಳ್ಳು ಬೆಲ್ಲ ಕೊಡಲು ಬಂದಿದ್ದರು. ಮೊದಲ ಸಲ ಬಾಗಿಲು ತೆರೆದು ತೆಗೆದುಕೊಂಡೆ.

ಔಟ್ ಇಲ್ಲ ಎಂಬ ಕಾಯಿದೆ ಎಲ್ಲಿಂದ ಬಂತು ಎಂದು ನೀನು ಕೇಳಿರಲಿಲ್ಲ. ಯಾವುದೋ ಶಿಬಿರದಲ್ಲಿ ಕಲಿತು ಬಂದೆನೆಂದು ತಿಳಿದಿರಬೇಕು. ರುದ್ರಿಯ ಮೊಣಕಾಲು ಒಂದಕ್ಕೊಂದು ತಾಗುತ್ತಿದ್ದವಲ್ಲ, ಬೆಳೆಯುತ್ತ ಸರಿಹೋಗುತ್ತದೆ ಎಂದಿದ್ದರು. ನಾವು ಶುರು ಮಾಡಿದ ಮೊದಲ ಭಾನುವಾರ ಸುಮ್ಮನೆ ಓಟ ಇಟ್ಟಿದ್ದೆವು, ನೆನಪಿದೆಯೇ? ಎಲ್ಲರೂ ಮುಟ್ಟಿ ಆಗಿತ್ತು, ಇವಳು ಇನ್ನೂ ಅರ್ಧದಲ್ಲಿದ್ದಳು. ಕಟ್ಟೆಯ ಮೇಲೆ ಕೂತ ಗಂಡಸರು ನಕ್ಕರು. ಬಾತುಕೋಳಿ ಎಂದ ಒಬ್ಬ. ಮನೆಗೆ ಬಂದು ಊಟ ಮಾಡುವಾಗ, "ಅವ್ವಾ, ನಾ ಯಾವಾಗ್ಲೂ ಹಿಂದ ಯಾಕ?" ಎಂದಳು. ಮುಂದಿನ ಭಾನುವಾರಕ್ಕೆ ಕಾಯಿದೆ ತಯಾರಾಗಿತ್ತು. ಕಟ್ಟೆಯ ಮೇಲೆ ಯಾರೂ ಕೂಡುವಂತಿಲ್ಲ. ಔಟ್ ಇಲ್ಲ. ಕಡೆಯವರಿಗೆ ಚಪ್ಪಾಳೆ. ಎಲ್ಲ ಮಕ್ಕಳಿಗೂ ಒಳ್ಳೆಯದು ಎಂದು ಊರಿಗೆಲ್ಲ ಹೇಳಿದೆ. ಒಂದು ಮಗುವಿಗಾಗಿ ಮಾಡಿದ್ದೆ.

ಆಮೇಲೆ ಅವಳು ಏನು ತಿಳಿದುಕೊಂಡಳು ಗೊತ್ತೇನು? ಇಲ್ಲಿಗೆ ಬಂದಾಗ ಅಜ್ಜಿಯ ಮುಂದೆ ಎದೆ ಉಬ್ಬಿಸಿ ಹೇಳುತ್ತಿದ್ದಳಂತೆ, "ನಾ ಬಂದಾಗ ಎಲ್ಲಾರೂ ಚಪ್ಪಾಳಿ ಹೊಡೀತಾರ ಆಯಿ. ಎಲ್ಲಾರಕಿಂತ ನಾನ ಫಸ್ಟ್." ಅವ್ವ ಇದನ್ನು ಮೊನ್ನೆ ಹೇಳಿದಳು. ಇಷ್ಟು ದಿನ ಹೇಳಿರಲಿಲ್ಲ, ನಾನು ತಾಳುವುದಿಲ್ಲ ಎಂದು. ನಾನು ನಕ್ಕೆ, ಅನುಜಾ. ನಕ್ಕು ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಅವಳು ಔಟ್ ಆಗಿದ್ದಾಳೆಂದು ಆ ಬಯಲಿನಲ್ಲಿ ಒಂದು ಮಗುವಾದರೂ ತಿಳಿದುಕೊಂಡರೆ ನನ್ನಿಂದ ಸಹಿಸಲಾಗುವುದಿಲ್ಲ. ಅವಳದೆಂದು ಉಳಿದಿರುವುದು ಅದೊಂದು ಕಾಯಿದೆ.

ಫೆಬ್ರುವರಿ ಎರಡನೆಯ ತಾರೀಖು ಭಾನುವಾರ. ಮಕ್ಕಳನ್ನೆಲ್ಲ ಕರೆಸು. ತಂದೆ ತಾಯಿಗಳಿಗೆ ಹೇಳು, ರುದ್ರಿಯ ಅವ್ವ ಬರುತ್ತಾಳೆ, ಅವಳೇ ಹೇಳುತ್ತಾಳೆ, ಬೇಡ ಅನ್ನುವವರು ಮಕ್ಕಳನ್ನು ಕಳಿಸುವುದು ಬೇಡ ಎಂದು. ನೀನು ಬರಬೇಡ. ನೀನಿದ್ದರೆ ನಿನ್ನ ಹೆಗಲ ಮೇಲೆ ಬಿದ್ದು ಅಳುತ್ತೇನೆ, ಹೇಳಬೇಕಾದದ್ದು ಉಳಿಯುತ್ತದೆ.

ಶಾಂಭವಿ

•

ವಿಜಯಪುರ
೨೬ ಜನವರಿ ೨೦೨೫

ಶಾಂಭವಿ,

ಎಲ್ಲರಿಗೂ ಹೇಳಿದ್ದೇನೆ. ನೀನೇ ಹೇಳುತ್ತೀ ಎಂದ ಮೇಲೆ ಬೇಡ ಎಂದವರು ಯಾರೂ ಇಲ್ಲ. ರಂಗೋಲಿ ಪುಡಿಯ ಡಬ್ಬಿ ಇರ್ಫಾನನ ಮನೆಯಲ್ಲಿದೆ. ನಾನು ಬರುವುದಿಲ್ಲ. ಮನೆಯಲ್ಲಿ ಕೂತು ಅವ್ವನ ಜೊತೆ ಅವರೆಕಾಯಿ ಸುಲಿಯುತ್ತೇನೆ, ಕೈಗಾದರೂ ಕೆಲಸವಿರಲಿ.

ಅನುಜಾ

•

ಸಾರವಾಡ
೩ ಫೆಬ್ರುವರಿ ೨೦೨೫

ಅನುಜಾ,

ಹೋಗಿದ್ದೆ.

ಮಕ್ಕಳು ಬರುವ ಮೊದಲೇ ಗುಂಡುಗಳನ್ನು ಬರೆದು ಮುಗಿಸಬೇಕೆಂದಿದ್ದೆ. ನಿನ್ನವಕ್ಕಿಂತ ಸೊಟ್ಟಗೆ ಬಂದವು. ರುದ್ರಿಯದನ್ನೂ ಬರೆದೆ, ಸಕೀನಾಳ ಪಕ್ಕದಲ್ಲಿ. ಆಮೇಲೆ ಎಲ್ಲರನ್ನೂ ನನ್ನ ಸುತ್ತ ಕೂಡಿಸಿಕೊಂಡೆ. ದೊಡ್ಡವರೂ ನೆಲಕ್ಕೇ ಕೂತರು, ಸಿದ್ದರಾಯ ಕೂಡ. ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಇದ್ದದ್ದನ್ನೇ ಹೇಳಿದೆ.

"ರುದ್ರಿ ಸತ್ತಾಳ. ಆಕಿಗೆ ಜ್ವರ ಭಾಳ ಬಂದಿತ್ತು. ಡಾಕ್ಟರ್ ಭಾಳ ನೋಡಿದ್ರು, ಆದ್ರೂ ಉಳೀಲಿಲ್ಲ. ಆಕಿ ಅಜ್ಜಿ ಊರಾಗಿಲ್ಲ. ನಮ್ಮ ಮನ್ಯಾಗೂ ಇಲ್ಲ. ಇನ್ನ ಬರೂದಿಲ್ಲ."

ಯಾರೂ ಚೀರಲಿಲ್ಲ. ಸುಫಿಯಾನ, "ನಮ್ಮ ಆಡಿನ ಮರೀನೂ ಸತ್ತೈತ್ರಿ" ಎಂದ. ಅವನ ಅವ್ವ ಬಾಯಿ ಮುಚ್ಚಲು ಹೋದಳು, ನಾನು ಬಿಡು ಎಂದೆ. ಒಬ್ಬಳು, ಜ್ವರ ಬಂದವರೆಲ್ಲ ಸಾಯುತ್ತಾರೇನು ಎಂದು ಕೇಳಿದಳು. ಇಲ್ಲ, ಎಷ್ಟೋ ಜ್ವರ ಹೋಗಿಬಿಡುತ್ತವೆ ಎಂದೆ. ಆಮೇಲೆ ಸಕೀನಾ ಎದ್ದು ನಿಂತಳು. ನನಗೆ ಗೊತ್ತಿತ್ತು ಅವಳು ಕೇಳುತ್ತಾಳೆಂದು.

"ಮತ್ತ ಆಕಿ ಔಟ್ ಆದಳೇನ್ರಿ?"

"ಇಲ್ಲ ಬೇ. ಔಟ್ ಆಗಿಲ್ಲ. ಆದ್ರ ಆಟಾನೂ ಆಡಾಂಗಿಲ್ಲ. ಎರಡೂ ಖರೇ."

ಅವಳು ತಲೆಯಾಡಿಸಿದಳು. ನಂತರ ತುಟಿ ಅದುರಿತು. ಇರ್ಫಾನ ಎತ್ತಿಕೊಂಡ. ಅವನ ಹೆಗಲಲ್ಲಿ ಮುಖ ಹುಗಿದು ಅತ್ತಳು. ರುದ್ರಿಗಾಗಿ ಮನೆಯವರಲ್ಲದೆ ಒಬ್ಬರು ಹಾಗೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಉಳಿದ ದೊಡ್ಡವರೆಲ್ಲ ನನ್ನನ್ನು ಸಮಾಧಾನ ಮಾಡಲು ಬಂದಿದ್ದರು. ಆ ಹುಡುಗಿ ರುದ್ರಿಗಾಗಿ ಅತ್ತಳು.

ಮುಗಿಯಿತು, ಇನ್ನು ಹೊರಡೋಣ ಎಂದು ಕಟ್ಟೆಯ ಕಡೆ ನಡೆದೆ. ಹಿಂದಿನಿಂದ ಸೆರಗು ಎಳೆದರು. ಕಣ್ಣು ಕೆಂಪಾಗಿತ್ತು, ಮೂಗು ಸೋರುತ್ತಿತ್ತು, ಆದರೂ ಸಕೀನಾ ಸಕೀನಾಳೇ. "ದೊಡ್ಡಾವ್ರು ಕಟ್ಟಿ ಮ್ಯಾಲ ಕುಂದ್ರಂಗಿಲ್ರಿ. ನೀವ ಹೇಳೀರಿ. ನಿಮ್ಮ ಮನಿ ಎಲ್ಲೈತಿ?"

ನನ್ನ ಮನೆ ಬರೆದಿರಲಿಲ್ಲ. ಡಬ್ಬಿಯಲ್ಲಿ ಪುಡಿ ತೀರಿತ್ತು. ಅವಳು ನನ್ನನ್ನು ಕೈ ಹಿಡಿದು ಕರೆದೊಯ್ದು ರುದ್ರಿಯ ಗುಂಡಿನಲ್ಲಿ ನಿಲ್ಲಿಸಿದಳು. ಎರಡು ಕಾಲು ಹಿಡಿಸಲಿಲ್ಲ, ಅನುಜಾ. ಐದು ವರ್ಷದ ಮಗುವಿನ ಅಳತೆಗೆ ಬರೆದದ್ದು. ಕುಂಟಾಟ ಆಡುವವರ ಹಾಗೆ ಒಂದೇ ಕಾಲಿನ ಮೇಲೆ ನಿಂತೆ.

ಇರ್ಫಾನ ಕೈ ತಟ್ಟಿದ, ಎಲ್ಲರೂ ಓಡಿದರು. ನಾನೂ ಓಡಿದೆ. ಸೀರೆ, ಚಪ್ಪಲಿ, ಆರು ತಿಂಗಳು ಮೂಲೆ ಹಿಡಿದ ಮೈ. ಗೋಡೆ ಮುಟ್ಟಿ ತಿರುಗುವಷ್ಟರಲ್ಲಿ ಎಲ್ಲರೂ ಮನೆ ಸೇರಿಯಾಗಿತ್ತು. ಬಯಲಿನ ನಡುವೆ ನಾನೊಬ್ಬಳೇ. ಆಗ ಚಪ್ಪಾಳೆ ಶುರುವಾಯಿತು. ಸಣ್ಣ ಸಣ್ಣ ಕೈಗಳು, ನಡುವೆ ಸಿದ್ದರಾಯನ ದಪ್ಪ ಕೈಯ ಸದ್ದು. ಗೇಟಿನ ಕಡೆಯಿಂದಲೂ ಕೇಳಿಸಿತು. ತಿರುಗಿ ನೋಡಿದರೆ ನಮ್ಮವರು. ಗಾಡಿಯಿಂದ ಇಳಿದು, ಗೇಟಿನ ಒಳಗೆ ಬಂದು ನಿಂತು ತಟ್ಟುತ್ತಿದ್ದರು. ಇಲ್ಲಿ ನಿಂತು ನೋಡಿದರೆ ಹೀಗೆ ಕಾಣುತ್ತಿತ್ತು ರುದ್ರಿಗೆ. ಎಲ್ಲ ಮುಖಗಳೂ ತನ್ನ ಕಡೆ, ಎಲ್ಲ ಕೈಗಳೂ ತನಗೆ. ಫಸ್ಟ್ ಎಂದುಕೊಳ್ಳದೆ ಇನ್ನೇನು ಎಂದುಕೊಳ್ಳಬೇಕಿತ್ತು ಆ ಕೂಸು?

ಅಳುತ್ತಲೇ ಮನೆ ಮುಟ್ಟಿದೆ.

ಆಟ ಮುಗಿದ ಮೇಲೆ ಮಕ್ಕಳು ತಮ್ಮ ತಮ್ಮ ಮನೆ ಅಳಿಸತೊಡಗಿದರು. ಸಕೀನಾ ತನ್ನದನ್ನು ಅಳಿಸಿ ನನ್ನ ಮುಂದೆ ಬಂದು ನಿಂತಳು. ಆ ಮನೆಯಲ್ಲಿ ನಿಂತವಳು ನಾನು.

ಕಾಲು ಎತ್ತಿದೆ. ಆಗಲಿಲ್ಲ. ಕೂತು ಅಂಗೈಯಿಂದ ಅಳಿಸಿದೆ. ಸಕೀನಾ ಪಕ್ಕದಲ್ಲಿ ಕುಕ್ಕರಿಸಿ ಕೂತು ನೋಡುತ್ತಿದ್ದಳು, ಕೈ ಹಾಕಲಿಲ್ಲ. ಪೂರ್ತಿ ಅಳಿಯುವ ತನಕ ಕಾದಳು.

ಕೈ ತೊಳೆಯದೆ ಬಸ್ಸು ಹತ್ತಿದೆ. ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯಬೇಕಿತ್ತು, ತೊಳೆದೆ.

ಬರುವ ಭಾನುವಾರ ನೀನೂ ಬಾ. ಅವಳ ಗುಂಡು ಬರೆಯಬೇಡ. ನನ್ನದು ಬರೆ. ಎರಡು ಕಾಲು ಹಿಡಿಸುವಷ್ಟು ದೊಡ್ಡದು.

ನಿನ್ನ
ಶಾಂಭವಿ